ಟೆಸ್ಟ್ ಕಿಟ್ ತೋರಿಸುವ ಅಂಕಿ ನಂಬುವುದು ಯಾವಾಗ? ಮನೆ ಅಕ್ವೇರಿಯಂ ನೀರಿನ ಒಗಟುಗಳು

ಅಮೋನಿಯಾ 0.25, ನೈಟ್ರೈಟ್ 0, ನೈಟ್ರೇಟ್ 0. ತೊಟ್ಟಿ ಶುರುವಾಗಿ ಆರು ತಿಂಗಳಾಗಿದೆ. ಹದಿನೈದು ಗಪ್ಪಿಗಳು ದಿನಕ್ಕೆರಡು ಹೊತ್ತು ತಿನ್ನುತ್ತಿವೆ, ಗಿಡ ಒಂದೂ ಇಲ್ಲ. ಹಾಗಾದರೆ ತಿಂದದ್ದೆಲ್ಲ ಎಲ್ಲಿಗೆ ಹೋಯಿತು? ಆಹಾರದ ಪ್ರೋಟೀನಿನಲ್ಲಿದ್ದ ಸಾರಜನಕ ಅಮೋನಿಯಾ ಆಗಿ ಮೀನಿನ ಕಿವಿರಿನಿಂದ ಹೊರಬೀಳಬೇಕು. ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ತಿನ್ನುವ ಗಿಡವಿಲ್ಲದ ತೊಟ್ಟಿಯಲ್ಲಿ ನೈಟ್ರೇಟ್ ವಾರದಿಂದ ವಾರಕ್ಕೆ ಏರಲೇಬೇಕು. ಸೊನ್ನೆ ಬಂದಿದೆ ಎಂದರೆ ಅನುಮಾನ ಪಡಬೇಕಾದದ್ದು ಮೊದಲು ಟ್ಯೂಬಿನ ಮೇಲೆ, ಆಮೇಲೆ ನೀರಿನ ಮೇಲೆ.

ಟೆಸ್ಟ್ ಕಿಟ್ ಅಮೋನಿಯಾವನ್ನೋ ನೈಟ್ರೇಟನ್ನೋ ನೇರವಾಗಿ ನೋಡುವುದಿಲ್ಲ. ಒಂದು ರಾಸಾಯನಿಕ ಕ್ರಿಯೆ ನಡೆದು ಬಣ್ಣ ಹುಟ್ಟುತ್ತದೆ, ಆ ಬಣ್ಣವನ್ನು ನಾವು ಕಾರ್ಡಿಗೆ ಹೋಲಿಸಿ ಅಂಕಿ ಓದುತ್ತೇವೆ. ಕ್ರಿಯೆ ಅರ್ಧಕ್ಕೆ ನಿಂತರೂ, ಬೇರೆ ಯಾವುದೋ ವಸ್ತು ಅದರೊಳಗೆ ತಲೆ ಹಾಕಿದರೂ, ಬಣ್ಣವಂತೂ ಬರುತ್ತದೆ, ಅಂಕಿಯೂ ಬರುತ್ತದೆ. ಮೀನು ಸಾಯುವುದು ಎಷ್ಟೋ ಸಲ ಈ ತಪ್ಪು ಅಂಕಿಯಿಂದಲ್ಲ, ಅದನ್ನು ನೋಡಿ ಗಾಬರಿಯಾಗಿ ಸುರಿದ ಬಾಟಲಿಯಿಂದ.

ಮೊದಲು ಮೂರು ಗ್ಲಾಸು

ಒಗಟಿನ ಅಂಕಿ ಬಂದಾಗ ಅದೇ ಟೆಸ್ಟನ್ನು ಮೂರು ನೀರಿನ ಮೇಲೆ ಅಕ್ಕಪಕ್ಕದಲ್ಲಿ, ಒಂದೇ ಹೊತ್ತಿಗೆ ಮಾಡಿ. ಒಂದು ತೊಟ್ಟಿಯ ನೀರು. ಎರಡನೆಯದು ನೀವು ಬದಲಿಸಲು ಬಳಸುವ ನೀರು, ಅದೂ ಬಕೆಟ್ಟಿನಲ್ಲಿ ಗಾಳಿಕಲ್ಲು ಬಿಟ್ಟು 24 ಗಂಟೆ ಇಟ್ಟದ್ದು. ಮೂರನೆಯದು ಏನೂ ಇಲ್ಲದ ನೀರು. ಇದಕ್ಕೆ ಅಡುಗೆಮನೆಯ ಆರ್‌ಒ ಸಾಲದು. ಹೆಚ್ಚಿನ ಯಂತ್ರಗಳು ರುಚಿಗಾಗಿ ಸ್ವಲ್ಪ ಹಸಿ ನೀರನ್ನೋ ಖನಿಜವನ್ನೋ ಬೆರೆಸುತ್ತವೆ. ಮೆಡಿಕಲ್ ಶಾಪಿನಲ್ಲಿ ಸಿಗುವ, ಇಂಜೆಕ್ಷನ್ ಪುಡಿ ಕರಗಿಸಲು ಬಳಸುವ ಸ್ಟೆರೈಲ್ ವಾಟರಿನ 5 ಅಥವಾ 10 ಮಿಲಿಯ ಪುಟ್ಟ ಆಂಪ್ಯೂಲ್ ಸಾಕು, ಅದರಲ್ಲಿ ಒಂದೆರಡು ಟ್ಯೂಬ್ ತುಂಬುತ್ತದೆ. ಪೆಟ್ರೋಲ್ ಬಂಕಿನ ಬ್ಯಾಟರಿ ವಾಟರ್ ಕೂಡ ನಡೆಯುತ್ತದೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ಅಥವಾ 1, 2 ತೋರಿಸುವುದಾದರೆ.

ಏನೂ ಇಲ್ಲದ ನೀರಿನಲ್ಲೂ ಅಮೋನಿಯಾ ಟೆಸ್ಟ್ ಅದೇ ಮಾಸಲು ಹಸಿರು ತೋರಿಸಿದರೆ ನಿಮ್ಮ 0.25 ಎಂಬುದು ಇಲ್ಲ. ಅದು ಕಿಟ್ಟಿನ ಬಣ್ಣ, ಅಥವಾ ಟ್ಯೂಬ್‌ಲೈಟಿನ ಬಣ್ಣ. ಹಳದಿಗೂ ತಿಳಿಹಸಿರಿಗೂ ಇರುವ ವ್ಯತ್ಯಾಸ ಎಲ್‌ಇಡಿ ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಹಗಲಿನಲ್ಲಿ, ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ, ಟ್ಯೂಬನ್ನು ಕಾರ್ಡಿನ ಬಿಳಿ ಭಾಗಕ್ಕೆ ತಾಗಿಸಿ ಓದಿ. ಬಾದಾಮಿ ಎಲೆ ಹಾಕಿ ನೀರು ಕಷಾಯದ ಬಣ್ಣಕ್ಕೆ ತಿರುಗಿದ್ದರೆ, ಏನೂ ಹನಿ ಹಾಕದ ತೊಟ್ಟಿಯ ನೀರಿನ ಇನ್ನೊಂದು ಟ್ಯೂಬನ್ನು ಕಾರ್ಡಿನ ಬಣ್ಣದ ಚೌಕದ ಮುಂದೆ ಹಿಡಿದು, ಆ ಮೂಲಕ ಕಾಣುವ ಬಣ್ಣಕ್ಕೆ ಹೋಲಿಸಿ. ಮೆಥಿಲಿನ್ ಬ್ಲೂ ಅಥವಾ ಮ್ಯಾಲಕೈಟ್ ಗ್ರೀನಿನಂಥ ಬಣ್ಣದ ಔಷಧ ಹಾಕಿರುವ ತೊಟ್ಟಿಯಲ್ಲಿ ಬಣ್ಣದ ಟೆಸ್ಟ್ ಮಾಡುವ ಶ್ರಮವೇ ಬೇಡ.

ಸೊನ್ನೆ ಸರಿ ಬಂತು, ಆದರೆ ಕಿಟ್ ನಿಜವಾಗಿ ಏನನ್ನಾದರೂ ಹಿಡಿಯುತ್ತಿದೆಯೇ? ಅದಕ್ಕೆ ಗೊತ್ತಿರುವ ದ್ರಾವಣ ಬೇಕು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿಯಿದ್ದರೆ ಮನೆಯಲ್ಲೇ ಆಗುತ್ತದೆ. 1.63 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಶುದ್ಧ ಪೆಟ್ಲುಪ್ಪು, 1 ಲೀಟರ್ ಡಿಸ್ಟಿಲ್ಡ್ ನೀರಿಗೆ ಹಾಕಿದರೆ 1000 ಪಿಪಿಎಂ, ಅಂದರೆ ಲೀಟರಿಗೆ 1000 ಮಿಲಿಗ್ರಾಂ, ನೈಟ್ರೇಟ್. ಅದರಲ್ಲಿ 20 ಮಿಲಿ ತೆಗೆದು 1 ಲೀಟರಿಗೆ ಏರಿಸಿದರೆ 20 ಪಿಪಿಎಂ. ಕೆಎಚ್‌ಗೆ (ಆಮ್ಲವನ್ನು ತಡೆಯುವ ಬೈಕಾರ್ಬನೇಟಿನ ಅಳತೆ) ಇನ್ನೂ ಸುಲಭ: 1.2 ಗ್ರಾಂ ಅಡುಗೆ ಸೋಡಾ 1 ಲೀಟರಿಗೆ, ಅದರಲ್ಲಿ 100 ಮಿಲಿ ತೆಗೆದು ಮತ್ತೆ 1 ಲೀಟರಿಗೆ ಏರಿಸಿದರೆ 4 ಡಿಗ್ರಿ. ಬೇಕಿಂಗ್ ಪೌಡರ್ ಅಲ್ಲ, ಸೋಡಾ. ಈ ನೀರಿಗೆ ನಾಲ್ಕನೇ ಹನಿಯಲ್ಲಿ ಬಣ್ಣ ತಿರುಗದಿದ್ದರೆ ಕಿಟ್ ಹಳಸಿದೆ, ಇಲ್ಲವೇ ಬಾಟಲಿಯನ್ನು ಓರೆ ಹಿಡಿದು ಸಣ್ಣ ಹನಿ ಬೀಳಿಸುತ್ತಿದ್ದೀರಿ. ಹನಿ ಹಾಕುವಾಗ ಬಾಟಲಿ ನೆಟ್ಟಗೆ ತಲೆಕೆಳಗಾಗಿರಬೇಕು. ಪೇಪರ್ ಪಟ್ಟಿಗಳ ವಿಷಯಕ್ಕೆ ಬಂದರೆ, ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ನಾಲ್ಕು ಸಲ ತೆಗೆದು ಹಾಕುವಷ್ಟರಲ್ಲಿ ತೇವ ಹಿಡಿಯುತ್ತವೆ. ಅವನ್ನು ನಂಬಿ ನಿರ್ಧಾರ ಮಾಡಬಾರದು.

ಸೊನ್ನೆ ನೈಟ್ರೇಟ್, ಇಳಿಯದ ನೈಟ್ರೇಟ್

ಎಲ್ಲ ಟೆಸ್ಟುಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ನೈಟ್ರೇಟ್. ಅದು ತಾನಾಗಿ ಬಣ್ಣ ಕೊಡದು. ಕಿಟ್ ಮೊದಲು ಲೋಹದ ಪುಡಿಯಿಂದ, ಸಾಮಾನ್ಯವಾಗಿ ಸತುವಿನಿಂದ, ನೈಟ್ರೇಟನ್ನು ನೈಟ್ರೈಟಿಗೆ ಇಳಿಸುತ್ತದೆ. ಬಣ್ಣ ಬರುವುದು ನೈಟ್ರೈಟಿನಿಂದ. ಈ ಪುಡಿ ಬಾಟಲಿಯ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಅಲ್ಲಾಡಿಸದೆ ಹನಿ ಹಾಕಿದರೆ ಮೇಲಿನ ತಿಳಿ ಮಾತ್ರ ಬೀಳುತ್ತದೆ, ಟ್ಯೂಬ್ ಹಳದಿಯಾಗಿಯೇ ಉಳಿಯುತ್ತದೆ. ಎಪಿಐ ಕಂಪನಿಯ ಕಿಟ್ಟಿನ ಕ್ರಮ ಹೀಗೆ: 5 ಮಿಲಿ ನೀರಿಗೆ ಒಂದನೇ ಬಾಟಲಿಯ 10 ಹನಿ, ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಅಲ್ಲಾಡಿಸಿ 10 ಹನಿ, ಟ್ಯೂಬನ್ನು ಪೂರ್ತಿ 1 ನಿಮಿಷ ಕುಲುಕಿ, 5 ನಿಮಿಷ ಕಾದು ಓದುವುದು. ತಿಂಗಳುಗಟ್ಟಲೆ ಮುಟ್ಟದ ಬಾಟಲಿಯಾದರೆ 30 ಸೆಕೆಂಡ್ ಏನೇನೂ ಸಾಲದು. ಮುಚ್ಚಳ ಬಿಗಿ ಮಾಡಿ, ತಳವನ್ನು ಮೇಜಿನ ಮೇಲೆ ಬಡಿದು, ಎರಡು ನಿಮಿಷ ಕುಲುಕಿ. ಇದರಲ್ಲಿ ಇನ್ನೊಂದು ಸಂಗತಿಯಿದೆ: ಬಾಟಲಿಯನ್ನು ಅಲ್ಲಾಡಿಸದೆ ಅರ್ಧ ಖಾಲಿ ಮಾಡಿದ್ದರೆ ಪುಡಿಯೆಲ್ಲ ತಳದಲ್ಲೇ ಉಳಿದಿರುತ್ತದೆ. ಒಂದು ದಿನ ಸರಿಯಾಗಿ ಅಲ್ಲಾಡಿಸಿದಾಗ ಪುಡಿ ಅಳತೆ ಮೀರಿ ಬಿದ್ದು, ಅಂಕಿಯೇ ನಂಬಲಾಗದಷ್ಟು ಮೇಲೆ ಹೋಗಬಹುದು. ಆ ಬಾಟಲಿಯನ್ನು ಬಿಸಾಡಿ.

ನೈಟ್ರೇಟನ್ನು ನೈಟ್ರೈಟ್ ಮಾಡಿ ಅಳೆಯುವುದರಿಂದ ಇನ್ನೊಂದು ಎಡವಟ್ಟೂ ಆಗುತ್ತದೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಕಿಟ್ ಅದನ್ನೂ ನೈಟ್ರೇಟ್ ಎಂದೇ ಎಣಿಸುತ್ತದೆ. ಸತುವಿನ ಪುಡಿ ನೈಟ್ರೇಟಿನ ಒಂದು ಪಾಲನ್ನಷ್ಟೇ ಇಳಿಸಬಲ್ಲದು, ಕಾರ್ಡಿನ ಬಣ್ಣಗಳನ್ನು ಆ ಅಂದಾಜಿಗೇ ಹೊಂದಿಸಿರುತ್ತಾರೆ. ಹಾಗಾಗಿ ಇದ್ದಬದ್ದ ನೈಟ್ರೈಟ್ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ಹೊಸ ತೊಟ್ಟಿಯಲ್ಲಿ ಎರಡನೇ ವಾರಕ್ಕೇ ನೈಟ್ರೇಟ್ 40 ಬಂತು, ಸೈಕಲ್ (ಬ್ಯಾಕ್ಟೀರಿಯಾ ನೆಲೆಯೂರುವ ಅವಧಿ) ಮುಗಿಯಿತು ಎಂದು ಮೀನು ತಂದುಬಿಡುವವರು ಬೀಳುವುದು ಈ ಗುಂಡಿಗೆ. ನೈಟ್ರೈಟ್ 0 ಆಗುವವರೆಗೆ ನೈಟ್ರೇಟಿನ ಅಂಕಿಗೆ ಬೆಲೆಯಿಲ್ಲ.

ನೈಟ್ರೈಟ್ ಟೆಸ್ಟಿಗೂ ಒಂದು ಮೇಲ್ಮಿತಿಯಿದೆ. ಹನಿ ಬಿದ್ದ ಕೂಡಲೇ ಗಾಢ ನೇರಳೆ ಮಿಂಚಿ, ಐದು ನಿಮಿಷದಲ್ಲಿ ಅದು ಮಾಸಿ ಕಂದೋ ಹಸಿರೋ ಆಗಿ ಕಾರ್ಡಿನ ಯಾವ ಚೌಕಕ್ಕೂ ಹೊಂದದಿದ್ದರೆ, ಅದು ಕಡಿಮೆ ಅಲ್ಲ, ಅಳತೆ ಮೀರಿದ ನೈಟ್ರೈಟ್. 1 ಪಾಲು ತೊಟ್ಟಿಯ ನೀರಿಗೆ 9 ಪಾಲು ಡಿಸ್ಟಿಲ್ಡ್ ನೀರು ಬೆರೆಸಿ ಮತ್ತೆ ಟೆಸ್ಟ್ ಮಾಡಿ, ಬಂದದ್ದನ್ನು 10ರಿಂದ ಗುಣಿಸಿ. ನೈಟ್ರೇಟಿನಲ್ಲಿ 40ಕ್ಕೂ 80ಕ್ಕೂ ಇರುವ ಕೆಂಪು ಕಣ್ಣಿಗೆ ಒಂದೇ ಆಗಿ ಕಂಡಾಗಲೂ ಇದೇ ಉಪಾಯ. ಅಲ್ಲಿ 1ಕ್ಕೆ 3 ಪಾಲು ಬೆರೆಸಿ 4ರಿಂದ ಗುಣಿಸಿದರೆ ಸಾಕು.

ಎಷ್ಟು ನೀರು ಬದಲಿಸಿದರೂ ನೈಟ್ರೇಟ್ ಇಳಿಯುತ್ತಿಲ್ಲವೇ? ಎರಡನೇ ಗ್ಲಾಸನ್ನು ನೋಡಿ. ಗೊಬ್ಬರ ಮತ್ತು ಕೊಳಚೆ ಇಂಗಿದ ಕಡೆಯ ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಪ್ಪುವ ಮಿತಿಯೇ ಲೀಟರಿಗೆ 45 ಮಿಲಿಗ್ರಾಂ. ತೊಟ್ಟಿಯಲ್ಲಿ 80, ಬೋರಿನಲ್ಲಿ 40 ಇದ್ದರೆ ಅರ್ಧ ನೀರು ಬದಲಿಸಿದಾಗ 60, ಮತ್ತೆ ಅರ್ಧ ಬದಲಿಸಿದಾಗ 50. ನೂರು ಸಲ ಬದಲಿಸಿದರೂ 40ರ ಕೆಳಗೆ ಇಳಿಯದು. ಅಲ್ಲಿ ಕೆಲಸಕ್ಕೆ ಬರುವುದು ಆರ್‌ಒ ಮಿಶ್ರಣ, ಅಥವಾ ಬೇರನ್ನು ನೀರಿನಲ್ಲಿ ಇಳಿಬಿಟ್ಟು ತೊಟ್ಟಿಯ ಅಂಚಿನಲ್ಲಿ ಬೆಳೆಸುವ ಮನಿ ಪ್ಲಾಂಟ್. ಲ್ಯಾಬ್ ವರದಿಗೂ ಕಿಟ್ಟಿಗೂ ತಾಳೆಯಾಗದಿದ್ದರೆ ಘಟಕ ಗಮನಿಸಿ: ಕೆಲವರು ನೈಟ್ರೇಟಿನಲ್ಲಿರುವ ಸಾರಜನಕವನ್ನು ಮಾತ್ರ ಬರೆಯುತ್ತಾರೆ. ಅದನ್ನು 4.43ರಿಂದ ಗುಣಿಸಿದರೆ ಪೂರ್ತಿ ನೈಟ್ರೇಟ್. ಒಂದರಲ್ಲಿ 10, ಇನ್ನೊಂದರಲ್ಲಿ 44, ಎರಡೂ ಸರಿ.

ಹೋಗದ ಅಮೋನಿಯಾ

ಹಳೆಯ ತೊಟ್ಟಿಯಲ್ಲಿ ಇದ್ದಕ್ಕಿದ್ದಂತೆ ಅಮೋನಿಯಾ ಬಂದರೆ, ಅದು ನಿಜವೆಂದು ಮೂರು ಗ್ಲಾಸು ಹೇಳಿದ ಮೇಲೆ, ಹಿಂದಿನ ಎರಡು ಮೂರು ದಿನ ನೆನಪಿಸಿಕೊಳ್ಳಿ. ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದಿರಾ? ಕ್ಲೋರಿನ್ ಇರುವ ನೀರಾಗಿದ್ದರೆ ಬ್ಯಾಕ್ಟೀರಿಯಾ ಕೂಡ ತೊಳೆದುಹೋಗಿದೆ. ಇಡೀ ರಾತ್ರಿ ಕರೆಂಟ್ ಹೋಗಿತ್ತೇ? ತೊಟ್ಟಿಯ ಹೊರಗಿಡುವ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನೊಳಗಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ತೀರುತ್ತದೆ. ಅದನ್ನು ಹಾಗೆಯೇ ಆನ್ ಮಾಡದೆ ಒಳಗಿನ ನೀರನ್ನು ಚೆಲ್ಲಿ ಶುರು ಮಾಡಬೇಕು. ಕಲ್ಲಿನ ಹಿಂದೆ ಸತ್ತ ಬಸವನಹುಳು ಇದೆಯೇ? ಹೊಸದಾಗಿ ಅಕ್ವಾಸಾಯಿಲ್ (ಗಿಡಗಳಿಗೆ ತಳದಲ್ಲಿ ಹಾಸುವ ಪೋಷಕಾಂಶದ ಮಣ್ಣು) ಹಾಕಿದ್ದರೆ ಅದೇ ವಾರಗಟ್ಟಲೆ ಅಮೋನಿಯಾ ಬಿಡುತ್ತದೆ, ಬೇರೆ ಕಾರಣ ಹುಡುಕಬೇಕಿಲ್ಲ.

ಪ್ರತಿ ಸಲ ನೀರು ಬದಲಿಸಿದ ಮೇಲೆ ಮಾತ್ರ ಅಮೋನಿಯಾ ಕಾಣಿಸಿ ಮರುದಿನ ಮಾಯವಾಗುವುದು ಹೊರದೇಶದಲ್ಲಿರುವ ಕನ್ನಡಿಗರಿಗೆ ಹೆಚ್ಚು ಎದುರಾಗುವ ಒಗಟು. ಅಲ್ಲಿನ ಅನೇಕ ನಗರಗಳು ಕ್ಲೋರಿನ್ ಬದಲು ಕ್ಲೋರಮಿನ್ ಬಳಸುತ್ತವೆ. ಸ್ಯಾನ್ ಫ್ರಾನ್ಸಿಸ್ಕೋ 2004ರಲ್ಲಿ ಇದಕ್ಕೆ ಬದಲಾಯಿತು. ಕ್ಲೋರಮಿನ್ ಎಂದರೆ ಅಮೋನಿಯಾಗೆ ಅಂಟಿದ ಕ್ಲೋರಿನ್. ಮಾಮೂಲಿ ಆಂಟಿ ಕ್ಲೋರಿನ್, ಅಂದರೆ ಸೋಡಿಯಂ ಥಯೋಸಲ್ಫೇಟ್, ಕ್ಲೋರಿನನ್ನು ಕಿತ್ತುಹಾಕಿ ಅಮೋನಿಯಾವನ್ನು ನೀರಿನಲ್ಲೇ ಬಿಡುತ್ತದೆ. 2 ಪಿಪಿಎಂ ಕ್ಲೋರಮಿನ್ ಇದ್ದರೆ ಉಳಿಯುವುದು ಸುಮಾರು 0.4 ಪಿಪಿಎಂ. ಇಂಥ ನೀರನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿಟ್ಟರೂ ಕ್ಲೋರಿನಿನಂತೆ ಹಾರಿಹೋಗದು.

ಅಮೋನಿಯಾವನ್ನು ಹಿಡಿದಿಡುವ ಕಂಡಿಷನರ್ ಹಾಕಿದ ಮೇಲೂ ಕಿಟ್ ಅಂಕಿ ಇಳಿಸದಿದ್ದರೆ ಬೇಸರ ಬೇಡ. ಎರಡು ಬಾಟಲಿಯ ಹಸಿರು ಬಣ್ಣದ ಸ್ಯಾಲಿಸಿಲೇಟ್ ಟೆಸ್ಟ್ ಹಿಡಿದಿಟ್ಟದ್ದನ್ನೂ ಸೇರಿಸಿ ಒಟ್ಟು ಅಮೋನಿಯಾ ಹೇಳುತ್ತದೆ. ಒಂದೇ ಬಾಟಲಿಯ, ಹಳದಿಯಿಂದ ಕಂದಿಗೆ ತಿರುಗುವ ಹಳೆಯ ಬಗೆಯದು ನೆಸ್ಲರ್ ದ್ರಾವಣ. ಅದು ಕಂಡಿಷನರ್ ಜೊತೆ ಸೇರಿ ಏನೇನೋ ತೋರಿಸುತ್ತದೆ, ಮೇಲಾಗಿ ಅದರಲ್ಲಿ ಪಾದರಸವಿದೆ, ಸಿಂಕಿಗೆ ಚೆಲ್ಲುವಂಥದ್ದಲ್ಲ.

ಒಟ್ಟು ಅಮೋನಿಯಾ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದರಲ್ಲಿ ಎರಡು ರೂಪಗಳಿವೆ: ಕಿವಿರನ್ನು ಸುಡುವ ಮುಕ್ತ ಅಮೋನಿಯಾ, ಮತ್ತು ಹೆಚ್ಚುಕಮ್ಮಿ ನಿರುಪದ್ರವಿಯಾದ ಅಮೋನಿಯಂ. ಯಾವುದು ಎಷ್ಟೆಂದು ನಿರ್ಧರಿಸುವುದು ಪಿಎಚ್ ಮತ್ತು ತಾಪಮಾನ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಟ್ಟು 1 ಪಿಪಿಎಂ ಇದ್ದರೆ, ಪಿಎಚ್ 7ರಲ್ಲಿ ಮುಕ್ತವಾದದ್ದು 0.007, ಪಿಎಚ್ 8ರಲ್ಲಿ 0.065, 8.4ರಲ್ಲಿ 0.15. ಮುಕ್ತ ಅಮೋನಿಯಾ 0.05 ದಾಟಿದರೆ ಕಿವಿರಿಗೆ ಪೆಟ್ಟು. ಒಂದೇ ಹಸಿರು ಬಣ್ಣ, ಮಂಗಳೂರಿನ ಬಾವಿ ನೀರಿನ ತೊಟ್ಟಿಯಲ್ಲಿ ತಾಳಿಕೊಳ್ಳಬಹುದಾದದ್ದು, ಕೋಲಾರದ ಬೋರ್ ನೀರಿನ ತೊಟ್ಟಿಯಲ್ಲಿ ಪ್ರಾಣಕ್ಕೆ ಕುತ್ತು.

ಪಿಎಚ್: ನಲ್ಲಿಯಲ್ಲಿ 7, ತೊಟ್ಟಿಯಲ್ಲಿ 8.2

ಬೋರ್ ನೀರು ಬಳಸುವವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಮೋಟರ್ ಆನ್ ಮಾಡಿ ಹಿಡಿದ ನೀರು 7, ಎರಡು ದಿನದ ಮೇಲೆ ತೊಟ್ಟಿಯಲ್ಲಿ 8.2. ಕಲ್ಲಿನ ಮೇಲೆ, ಮರಳಿನ ಮೇಲೆ ತಪ್ಪು ಹೊರಿಸುವ ಮೊದಲು ಕೇಳಿ: ನೆಲದಾಳದ ನೀರು ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡಿರುತ್ತದೆ. ಸೋಡಾ ಬಾಟಲಿಯಂತೆ, ಹೊರಗೆ ಬಂದ ಮೇಲೆ ಆ ಅನಿಲ ಹೊರಟುಹೋಗುತ್ತದೆ, ಆಮ್ಲ ಕಡಿಮೆಯಾಗುತ್ತದೆ, ಪಿಎಚ್ ಏರುತ್ತದೆ. 24 ಗಂಟೆ ಗಾಳಿ ಬಿಟ್ಟ ಬಕೆಟ್ಟಿನ ಪಿಎಚ್ಚೇ ನಿಮ್ಮ ನೀರಿನ ನಿಜವಾದ ಪಿಎಚ್. ಬಕೆಟ್ 8.2, ತೊಟ್ಟಿ 8.2 ಆದರೆ ಒಗಟೇ ಇಲ್ಲ. ತೊಟ್ಟಿ ಮಾತ್ರ ಮೇಲಿದ್ದರೆ ಆಗ ಕಲ್ಲು, ಹವಳದ ಚೂರು, ಚಿಪ್ಪುಗಳನ್ನು ಹುಡುಕಿ.

ಇನ್ನೊಂದು ಮೋಸ ಬಾಟಲಿಯದೇ. ಮಾಮೂಲಿ ಪಿಎಚ್ ದ್ರಾವಣ 6.0ರಿಂದ 7.6ರವರೆಗೆ ಮಾತ್ರ ಓದುತ್ತದೆ. ನೀರು 8.4 ಇದ್ದರೂ ಅದು ನೀಲಿಯಾಗಿ 7.6ರಲ್ಲೇ ನಿಲ್ಲುತ್ತದೆ. ಹೈ ರೇಂಜ್ ದ್ರಾವಣ 7.4ರಿಂದ ಶುರು, 6.5ರ ನೀರಿಗೂ ಅದು 7.4 ಅನ್ನುತ್ತದೆ. ಕಾರ್ಡಿನ ತುದಿಯ ಬಣ್ಣ ಬಂದಾಗಲೆಲ್ಲ ಅದನ್ನು ಅಂಕಿ ಎಂದಲ್ಲ, ಇಷ್ಟು ಅಥವಾ ಇದರಾಚೆ ಎಂದು ಓದಿ.

ಹಳದಿ ಪೆನ್ನಿನಂಥ ಅಗ್ಗದ ಪಿಎಚ್ ಮೀಟರ್ ಕೆಟ್ಟದ್ದಲ್ಲ, ಆದರೆ ಒಣಗಲು ಬಿಟ್ಟ ಮೀಟರ್ ಸತ್ತಂತೆಯೇ. ತುದಿಯನ್ನು ಸ್ಟೋರೇಜ್ ದ್ರಾವಣದಲ್ಲಿಡಬೇಕು, ಡಿಸ್ಟಿಲ್ಡ್ ನೀರಿನಲ್ಲಿ ಅಲ್ಲ. ಪಿಎಚ್ ಗೊತ್ತಿರುವ 6.86 ಮತ್ತು 9.18 ಬಫರ್ ದ್ರಾವಣಗಳಲ್ಲಿ ತಿಂಗಳಿಗೊಮ್ಮೆಯಾದರೂ ಸರಿಪಡಿಸಿ. ಆರ್‌ಒ ನೀರಿನಲ್ಲಿ ಅಂಕಿ ನಿಲ್ಲದೆ ತೇಲುವುದು ಮೀಟರಿನ ತಪ್ಪಲ್ಲ. ಅಯಾನುಗಳೇ ಇಲ್ಲದ ನೀರಿನ ಪಿಎಚ್ ಅಳೆಯುವುದೇ ಕಷ್ಟ, ಅಳೆದರೂ ಪ್ರಯೋಜನವಿಲ್ಲ.

ಪಿಎಚ್ ಡೌನ್ ಹಾಕಿದಾಗ ಸಂಜೆಗೆ 7, ಬೆಳಿಗ್ಗೆ ಮತ್ತೆ 8 ಆದರೆ ಅದಕ್ಕೆ ಕಾರಣ ಕೆಎಚ್. ಕೆಎಚ್ 12, 15 ಇರುವ ನೀರಿನಲ್ಲಿ ಹಾಕಿದ ಆಮ್ಲ ಬೈಕಾರ್ಬನೇಟನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಪಿಎಚ್ ಇಳಿದದ್ದು ಆ ಅನಿಲ ಇರುವಷ್ಟು ಹೊತ್ತು. ಮೀನಿಗೆ ಸಿಗುವುದು ದಿನಕ್ಕೆರಡು ಏರಿಳಿತ. ಸ್ಥಿರವಾದ 8.2ರಲ್ಲಿ ಗಪ್ಪಿ, ಮೊಲ್ಲಿ, ಗೋಲ್ಡ್‌ಫಿಶ್ ಚೆನ್ನಾಗಿಯೇ ಬಾಳುತ್ತವೆ. ಪಿಎಚ್ ಡೌನ್ ಬಾಟಲಿ ಅಂಗಡಿಯ ಕಪಾಟಿನಲ್ಲೇ ಇರಲಿ.

ಜಿಎಚ್ 0, ಕೆಎಚ್ 16, ಟಿಡಿಎಸ್ 650

ಬೆಂಗಳೂರಿನ ಅಪಾರ್ಟ್‌ಮೆಂಟಿನ ಅಂಕಿ ಇದು. ಹನಿ ಟೆಸ್ಟಿನ ಮೊದಲ ಹನಿಗೇ ಜಿಎಚ್ (ಗಡಸುತನ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳತೆ) ಹಸಿರಾಗುತ್ತದೆ. ಮೊದಲ ಹನಿಗೇ ಬಣ್ಣ ತಿರುಗಿದರೆ ಅದು 1 ಅಲ್ಲ, ಸೊನ್ನೆ ಮತ್ತು ಒಂದರ ನಡುವೆ ಎಲ್ಲೋ. ಗಡಸುತನವೇ ಇಲ್ಲದ ನೀರಿಗೆ 650 ಟಿಡಿಎಸ್ ಎಲ್ಲಿಂದ ಬಂತು? ಕಟ್ಟಡದ ಸಾಫ್ಟನರಿನಿಂದ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅಷ್ಟೇ ಪ್ರಮಾಣದ ಸೋಡಿಯಂ ಬಿಡುತ್ತದೆ. ಬೈಕಾರ್ಬನೇಟನ್ನು ಮುಟ್ಟುವುದಿಲ್ಲ, ಹಾಗಾಗಿ ಕೆಎಚ್ ಹಾಗೇ ಉಳಿಯುತ್ತದೆ. ಲವಣವನ್ನು ಕಡಿಮೆ ಮಾಡುವುದಿಲ್ಲ, ಹಾಗಾಗಿ ಟಿಡಿಎಸ್ಸೂ ಇಳಿಯದು. ಬಕೆಟ್ಟಿಗೆ ಬಿಳಿ ಕರೆ ಕಟ್ಟುವುದಿಲ್ಲ ಎಂಬುದೊಂದೇ ಲಾಭ. ಸೀಗಡಿ ಈ ನೀರಿನಲ್ಲಿ ಪೊರೆ ಬಿಡಲಾರದೆ ಸಾಯುತ್ತದೆ, ಬಸವನಹುಳುವಿನ ಚಿಪ್ಪು ಸವೆಯುತ್ತದೆ. ಸಾಫ್ಟನರಿಗೆ ಮೊದಲಿನ ಬೋರ್ ನೀರು ಸಿಕ್ಕಿದರೆ ಅದನ್ನು, ಅಥವಾ ಕಾವೇರಿ ನೀರನ್ನು ಹಿಡಿಯಿರಿ. ಎರಡೂ ಇಲ್ಲದಿದ್ದರೆ ಆರ್‌ಒ ನೀರಿಗೆ ಜಿಎಚ್ ಖನಿಜ ಬೆರೆಸುವುದು.

ಟಿಡಿಎಸ್ ಮೀಟರ್ ವಿದ್ಯುತ್ ಹರಿಯುವುದನ್ನು ಅಳೆದು ಒಂದು ಗುಣಾಂಕದಿಂದ ಗುಣಿಸುತ್ತದೆ. ಕೆಲವು ಮೀಟರುಗಳಲ್ಲಿ ಅದು 0.5, ಕೆಲವುಗಳಲ್ಲಿ 0.7. ಒಂದೇ ನೀರಿಗೆ ಒಬ್ಬರ ಮೀಟರ್ 500, ಇನ್ನೊಬ್ಬರದು 700 ತೋರಿಸಿದರೆ ಜಗಳಕ್ಕೆ ಕಾರಣವಿಲ್ಲ. ತಿಂಗಳಿಂದ ತಿಂಗಳಿಗೆ ಮೆಲ್ಲಗೆ ಏರುತ್ತಿದ್ದರೆ ಬೇಸಿಗೆಯ ಆವಿಯನ್ನು ನೋಡಿ. 100 ಲೀಟರ್ ತೊಟ್ಟಿಯಿಂದ ವಾರಕ್ಕೆ 10 ಲೀಟರ್ ಆರಿಹೋಗಿ, ಆ ಜಾಗಕ್ಕೆ 600ರ ಬೋರ್ ನೀರು ಸುರಿದರೆ, ನೀರು ಮಾತ್ರ ಹಾರಿ ಲವಣ ಉಳಿಯುವುದರಿಂದ ಪ್ರತಿ ವಾರ 60 ಪಿಪಿಎಂ ಕೂಡುತ್ತದೆ. ಆರಿದ ಜಾಗಕ್ಕೆ ಆರ್‌ಒ, ಬದಲಿಸುವಾಗ ಮಾಮೂಲಿ ನೀರು.

ಅಂಕಿ ಸರಿ, ಚಿಕಿತ್ಸೆಯೇ ವಿಷ

ಕೊನೆಗೊಂದು ಪ್ರಕರಣ, ಇದರಲ್ಲಿ ಕಿಟ್ ಸುಳ್ಳು ಹೇಳುತ್ತಿಲ್ಲ. ಎರಡು ವರ್ಷದ ತೊಟ್ಟಿ, ನೀರು ಬದಲಿಸುವುದು ಅಪರೂಪ. ಅಮೋನಿಯಾ 3, ಪಿಎಚ್ 6 ಅಥವಾ ಅದಕ್ಕೂ ಕೆಳಗೆ, ಕೆಎಚ್ 0. ಮೀನು ಮಾತ್ರ ಚೆನ್ನಾಗಿವೆ.

ನಡೆದಿರುವುದು ಇಷ್ಟು. ಬ್ಯಾಕ್ಟೀರಿಯಾ 1 ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ 7.14 ಮಿಲಿಗ್ರಾಂ ಕ್ಷಾರೀಯತೆಯನ್ನು, ಅಂದರೆ ಕೆಎಚ್ ಅನ್ನು, ತಿನ್ನುತ್ತದೆ. ನೈಟ್ರೇಟ್ 0ಯಿಂದ 40ಕ್ಕೆ ಏರಿತು ಎಂದರೆ ಕೆಎಚ್ ಸುಮಾರು 3.6 ಡಿಗ್ರಿ ಖರ್ಚಾಯಿತು. ಬೋರ್ ನೀರಿನ 15ರಲ್ಲಿ ಇದು ಲೆಕ್ಕಕ್ಕಿಲ್ಲ. ಕರಾವಳಿಯ ಮುರಕಲ್ಲಿನ ಬಾವಿ ನೀರು ಮೊದಲೇ ಮೆದು, ಹುಳಿ. ಅಲ್ಲಿ ಕೆಎಚ್ ಒಂದೆರಡು ಡಿಗ್ರಿ ಇದ್ದರೆ ಹೆಚ್ಚು. ಅದು ತೀರಿದ ಮೇಲೆ ಪಿಎಚ್ ಕುಸಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ, ಅಮೋನಿಯಾ ಕೂಡುತ್ತದೆ. ಪಿಎಚ್ 6ರಲ್ಲಿ ಅದು ಬಹುಪಾಲು ಅಮೋನಿಯಂ ಆದ್ದರಿಂದ ಮುಕ್ತವಾದದ್ದು 0.002 ಮಾತ್ರ.

ಇಲ್ಲಿ ಅಮೋನಿಯಾದ ಅಂಕಿಗೆ ಹೆದರಿ ಅರ್ಧ ನೀರನ್ನು 8.2ರ ಗಡಸು ನೀರಿನಿಂದ ಬದಲಿಸಿದಿರಿ ಅನ್ನಿ. ಒಟ್ಟು ಅಮೋನಿಯಾ 3ರಿಂದ 1.5ಕ್ಕೆ ಇಳಿಯುತ್ತದೆ, ಕಿಟ್ ನೋಡಿ ಸಮಾಧಾನವಾಗುತ್ತದೆ. ಅದೇ ಹೊತ್ತಿಗೆ ಪಿಎಚ್ 7.8ಕ್ಕೆ ಜಿಗಿದರೆ ಮುಕ್ತ ಅಮೋನಿಯಾ 0.06 ಆಗುತ್ತದೆ, ಅಂದರೆ ಮೊದಲಿನ ಮೂವತ್ತು ಪಟ್ಟು. ಸಂಜೆಯೊಳಗೆ ಮೀನು ಮೇಲೆ ಬಂದು ಬಾಯಿ ಬಡಿಯಲು ಶುರು.

ಮಾಡಬೇಕಾದದ್ದು ಇದರ ತದ್ವಿರುದ್ಧ. ಮೂರು ದಿನ ಆಹಾರ ನಿಲ್ಲಿಸಿ. ಬದಲಿಸುವ ನೀರಿಗೆ ಅಮೋನಿಯಾ ಹಿಡಿದಿಡುವ ಕಂಡಿಷನರ್ ಬೆರೆಸಿ, ದಿನಕ್ಕೆ 10 ಶೇಕಡಾ ಮಾತ್ರ, ಮಗ್ಗಿನಲ್ಲಿ ಮೆಲ್ಲಗೆ ಹಾಕಿ. ತಳದ ಕೊಳೆಯನ್ನು ಒಂದೇ ದಿನ ಕದಡದೆ ಪ್ರತಿ ದಿನ ಒಂದು ಮೂಲೆಯಂತೆ ಸೈಫನ್ ಮಾಡಿ. ನೀರು ಹಾಕಿದ ಒಂದು ಗಂಟೆಯ ಮೇಲೆ ಪಿಎಚ್ ನೋಡಿ. ಹಿಂದಿನ ದಿನಕ್ಕಿಂತ 0.3 ಹೆಚ್ಚಿದ್ದರೆ ಮರುದಿನ 5 ಶೇಕಡಾಕ್ಕೆ ಇಳಿಸಿ. ಕೆಎಚ್ 2, 3 ಡಿಗ್ರಿಗೆ ಬಂದ ಮೇಲೆ ಬ್ಯಾಕ್ಟೀರಿಯಾ ಮತ್ತೆ ಎದ್ದು, ಒಂದೆರಡು ವಾರದಲ್ಲಿ ಅಮೋನಿಯಾ ತಾನಾಗಿ ಇಳಿಯತೊಡಗುತ್ತದೆ. ಅಲ್ಲಿಯವರೆಗೆ ಟ್ಯೂಬಿನ ಕಡುಹಸಿರು ಹಾಗೇ ಇರುತ್ತದೆ. ಇರಲಿ ಬಿಡಿ, ನೋಡಬೇಕಾದದ್ದು ಪಿಎಚ್.